ಕಮ್ಯುನಿಸ್ಟ್ ಗಿಡ ಕಡಿದರೆ ಸಾಕೇ? ಗುಡ್ಡೆಗೆ ಮತ್ತೆ ಹುಲ್ಲು ಬರುವ ದಾರಿ

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಪೆರ್ಡೂರಿನ ಹತ್ತಿರದ ಹಳ್ಳಿ. ಮನೆಯ ಹಿಂದೆ ಎರಡೂವರೆ ಎಕರೆ ಗುಡ್ಡೆ ಇದೆ. ಮಾವನವರು ಇರುವಾಗ ಅಲ್ಲಿ ಮುಳಿಹುಲ್ಲು ತುಂಬಿರುತ್ತಿತ್ತು, ದೀಪಾವಳಿಯವರೆಗೂ ದನಗಳು ಅಲ್ಲಿಯೇ ಮೇಯುತ್ತಿದ್ದವು. ಈಗ ಅರ್ಧ ಗುಡ್ಡೆಯಲ್ಲಿ ಎದೆಯೆತ್ತರದ ಕಮ್ಯುನಿಸ್ಟ್ ಗಿಡ (ಕ್ರೊಮೊಲೇನಾ ಎಂಬ ಪೊದೆಕಳೆ), ಉಳಿದರ್ಧದಲ್ಲಿ ನಾಚಿಕೆಮುಳ್ಳು, ಮೇಲಿನ ಅಂಚಿನಲ್ಲಿ ಲಂಟಾನ. ಹಟ್ಟಿಯಲ್ಲಿ ಎರಡು ಮಿಶ್ರತಳಿ, ಎರಡು ಊರ ದನ ಇವೆ. ಕಳೆದ ವರ್ಷ ಘಟ್ಟದ ಮೇಲಿನಿಂದ ತಂದ ಎಚ್‌ಎಫ್ (ಕಪ್ಪು-ಬಿಳಿ ಮಚ್ಚೆಯ ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ದನ ಗುಡ್ಡೆಗೆ ಬಿಟ್ಟ ವಾರದಲ್ಲೇ ಮೇವು ಬಿಟ್ಟಿತು, ಮೂತಿಯ ಚರ್ಮ ಸುಲಿಯಿತು. ಲಂಟಾನದ ವಿಷ ಎಂದರು ಡಾಕ್ಟರು, ಪುಣ್ಯಕ್ಕೆ ಬದುಕಿತು. ಕಳೆನಾಶಕ ಹೊಡೆಸಿ ಎನ್ನುತ್ತಾರೆ ಪಕ್ಕದವರು. ಜೆಸಿಬಿ ತರಿಸಿ ಎಲ್ಲ ಬೋಳಿಸಿ ಸಿಒ-4 ಹುಲ್ಲು ಹಾಕೋಣ ಎನ್ನುತ್ತಾನೆ ಮಗ. ಮಾರ್ಚಿನಲ್ಲಿ ಬೆಂಕಿ ಕೊಟ್ಟರೆ ಎಳೆ ಹುಲ್ಲು ಬರುತ್ತದೆ ಎಂಬುದು ಅತ್ತೆಯ ಮಾತು. ಉಪ್ಪು, ವಿನೆಗರ್, ಸಾಬೂನು ಬೆರೆಸಿ ಸಿಂಪಡಿಸುವ ವೀಡಿಯೊ ಕೂಡ ಮೊಬೈಲಿಗೆ ಬಂದಿದೆ. ದನಕ್ಕೆ ಅಪಾಯವಿಲ್ಲದೆ ಹುಲ್ಲು ಬರಿಸುವ ದಾರಿ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ದನಕ್ಕೆ ವಿಷ ತಗಲದಿರಲಿ ಎಂಬುದು ಒಂದು, ಹೋದ ಹುಲ್ಲು ಬರಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಈ ವಾರವೇ ಮುಗಿಸಬಹುದು. ಎರಡನೆಯದಕ್ಕೆ ಕಡಿಮೆಯೆಂದರೂ ಮೂರು ಮಳೆಗಾಲ ಹಿಡಿಯುತ್ತದೆ. ಅದಕ್ಕಿಂತ ಬೇಗ ಮಾಡಿಕೊಡುತ್ತೇನೆ ಎಂದು ಬರುವವರು ಏನನ್ನೋ ಮಾರಲು ಬಂದಿರುತ್ತಾರೆ.

ಲಂಟಾನದಿಂದ ಶುರುಮಾಡೋಣ. ಅದರ ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಸ್ತು ದನದ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಪಿತ್ತರಸ ಹರಿಯುವುದು ನಿಲ್ಲುತ್ತದೆ. ಹಸಿರು ಮೇವು ಹೊಟ್ಟೆಯಲ್ಲಿ ಕರಗುವಾಗ ಹುಟ್ಟುವ ಒಂದು ಪದಾರ್ಥ ಸಾಮಾನ್ಯವಾಗಿ ಪಿತ್ತದ ಜೊತೆ ಹೊರಗೆ ಹೋಗಬೇಕು. ಅದು ಹೋಗಲಾರದೆ ರಕ್ತಕ್ಕೆ ಸೇರಿ ಚರ್ಮದವರೆಗೆ ಬರುತ್ತದೆ. ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ. ಎಚ್‌ಎಫ್ ದನದಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಬಿಳಿ ಇರುವಲ್ಲಿ ಚರ್ಮ ದಪ್ಪವಾಗಿ, ಬಿರಿದು, ಒಣಗಿದ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅದಕ್ಕೆ ತಾಗಿಕೊಂಡಿರುವ ಕಪ್ಪು ಮಚ್ಚೆಗೆ ಏನೂ ಆಗಿರುವುದಿಲ್ಲ. ಎರಡರ ನಡುವಿನ ಗೆರೆಯನ್ನು ಬೆರಳಿನಿಂದ ಗುರುತಿಸಬಹುದು. ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಮೂತ್ರ ಗಾಢವಾಗುವುದು, ಕಣ್ಣಿನ ಬಿಳಿ ಹಳದಿಯಾಗುವುದು, ನೆರಳು ಹುಡುಕಿ ನಿಲ್ಲುವುದು ಇದರ ಉಳಿದ ಲಕ್ಷಣಗಳು.

ಊರಿನಲ್ಲೇ ಹುಟ್ಟಿ ಬೆಳೆದ ದನ ಲಂಟಾನಕ್ಕೆ ಬಾಯಿ ಹಾಕುವುದು ಅಪರೂಪ. ಇಂಥ ಪ್ರಕರಣಗಳಲ್ಲಿ ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಹೊಸದಾಗಿ ತಂದ ದನಗಳು, ಅದೂ ಹಸಿದ ಹೊಟ್ಟೆಯಲ್ಲಿ ಗುಡ್ಡೆಗೆ ಬಿಟ್ಟವು. ಆದ್ದರಿಂದ ಹೊಸ ದನ ಬಂದರೆ ಮೊದಲ ಕೆಲವು ದಿನ ಹಟ್ಟಿಯಲ್ಲೇ ಕಟ್ಟಿ ಮೇವು ಹಾಕಿ. ಆಮೇಲೆ ಬಿಡುವಾಗಲೂ ಬೈಹುಲ್ಲು ತಿನ್ನಿಸಿಯೇ ಬಿಡಿ. ಮೇಲಿನ ಅಂಚನ್ನು ಈಗಲೇ ಬೇಲಿ ಹಾಕಿ ಬೇರ್ಪಡಿಸಿ. ಮತ್ತೆ ಅಂಥ ಲಕ್ಷಣ ಕಂಡರೆ ದನವನ್ನು ಕತ್ತಲೆಯ ಜಾಗದಲ್ಲಿ ಕಟ್ಟಿ, ಹಸಿರು ಮೇವು ನಿಲ್ಲಿಸಿ, ಪಶುವೈದ್ಯರನ್ನು ಕರೆಸಿ. ವಿಷದೆಲೆ ಹೊಟ್ಟೆಯಲ್ಲೇ ಉಳಿದು ದಿನವೂ ಅಷ್ಟಷ್ಟು ರಕ್ತಕ್ಕೆ ಸೇರುತ್ತಿರುವುದರಿಂದ ‘ನಾಳೆ ನೋಡೋಣ’ ಎಂದರೆ ಕೈಮೀರುತ್ತದೆ. ಎಣ್ಣೆ, ಕಷಾಯ ಎಂದು ಬಾಯಿಗೆ ಹೊಯ್ಯಲು ಹೋಗಬೇಡಿ.

ಇನ್ನು ಹುಲ್ಲಿನ ವಿಷಯ. ಕಳೆ ಬಂದು ಹುಲ್ಲನ್ನು ಓಡಿಸಿತು ಎಂದು ಎಲ್ಲರೂ ಭಾವಿಸುತ್ತಾರೆ. ಬಹುಪಾಲು ಗುಡ್ಡೆಗಳಲ್ಲಿ ನಡೆದದ್ದು ತಿರುಗಾಮುರುಗಾ: ಹುಲ್ಲು ಮೊದಲು ಸೋತಿತು, ತೆರವಾದ ಜಾಗಕ್ಕೆ ಕಳೆ ಬಂತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಇಷ್ಟು ಮಳೆ ಬೀಳುವಲ್ಲಿ ಬರೀ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಹಾಸು ಇರುವ ಪದವು ಬಯಲನ್ನು ಬಿಟ್ಟರೆ ಉಳಿದ ನೆಲ ತನ್ನಷ್ಟಕ್ಕೆ ಹುಲ್ಲುಗಾವಲಾಗಿ ಉಳಿಯುವುದಿಲ್ಲ, ಪೊದೆಯಾಗಿ ಆಮೇಲೆ ಮರ ತುಂಬಿದ ಹಾಡಿಯಾಗುತ್ತದೆ. ನಿಮ್ಮ ಮಾವನವರ ಕಾಲದ ಮುಳಿಹುಲ್ಲಿನ ಗುಡ್ಡೆ ಕತ್ತಿಯಿಂದ ಮತ್ತು ದನದ ಬಾಯಿಯಿಂದ ಉಳಿದುಕೊಂಡಿತ್ತು. ಮಾಡಿಗೆ ಹೊದೆಸಲು ಮುಳಿಹುಲ್ಲು ಬೇಕಿತ್ತು, ಹಟ್ಟಿಗೆ ಹಾಸಲು ಸೊಪ್ಪು ಬೇಕಿತ್ತು. ಹಾಗಾಗಿ ಪೊದೆ ತಲೆಯೆತ್ತಿದ ಕೂಡಲೇ ಯಾರಾದರೊಬ್ಬರು ಸವರುತ್ತಿದ್ದರು, ಹುಲ್ಲನ್ನು ಬಲಿತು ಬೀಜ ಉದುರುವ ಹೊತ್ತಿಗೆ ಕೊಯ್ಯುತ್ತಿದ್ದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗಿನಿಂದ ಶುರುವಾದ ಬದಲಾವಣೆ ಹುಲ್ಲಿನ ಮಾಡಿನ ಕೊನೆಯ ಹಟ್ಟಿಗೂ ಹೆಂಚು, ಶೀಟು ಬಂದಾಗ ಪೂರ್ತಿಯಾಯಿತು. ಕೊಯ್ಯುವವರು ಹೋದರು. ಉಳಿದ ಒಂದೆರಡು ದನ ಮಾತ್ರ ಜೂನ್‌ನಿಂದ ಡಿಸೆಂಬರಿನವರೆಗೆ ಬಿಡುವಿಲ್ಲದೆ ಅದೇ ಮೂಲೆಯನ್ನು ಮೇಯುತ್ತಾ ಬಂದವು.

ದನ ಹೇಗೆ ಮೇಯುತ್ತದೆ ಎಂದು ಒಮ್ಮೆ ಹತ್ತಿರ ಕುಳಿತು ನೋಡಿ. ಅದಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ನಾಲಿಗೆ ಚಾಚಿ, ಒಂದು ಹಿಡಿ ಹುಲ್ಲನ್ನು ಸುತ್ತಿ, ತಲೆಯನ್ನು ಒಮ್ಮೆ ಕೊಸರಿ ಹರಿದುಕೊಳ್ಳುತ್ತದೆ. ಹಿಡಿ ತುಂಬುವಷ್ಟು ಹುಲ್ಲು ಇರುವಲ್ಲಿಗೇ ಮತ್ತೆ ಮತ್ತೆ ಹೋಗುತ್ತದೆ. ಬೇಡದ್ದನ್ನು ಬಿಟ್ಟು ಬೇಕಾದದ್ದನ್ನು ಬುಡದವರೆಗೆ ತಿನ್ನುತ್ತದೆ. ಎಲೆ ಕಳೆದುಕೊಂಡ ಹುಲ್ಲು ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಚಿಗುರುತ್ತದೆ. ಚಿಗುರಿದ ಕೂಡಲೇ ಮತ್ತೆ ಬಾಯಿ ಬೀಳುತ್ತದೆ. ಎರಡು ಮೂರು ವರ್ಷ ಹೀಗಾದರೆ ಒಳ್ಳೆಯ ಹುಲ್ಲು ಬೇರುಸಹಿತ ಬಡವಾಗುತ್ತದೆ. ದನ ಮುಟ್ಟದ ಗಿಡ ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯುತ್ತದೆ.

ಕಮ್ಯುನಿಸ್ಟ್ ಗಿಡದ ಬಲ ಇಲ್ಲಿದೆ. ಅಮೆರಿಕ ಖಂಡದ ಮೂಲದ ಈ ಗಿಡ ಡಿಸೆಂಬರ್, ಜನವರಿಯಲ್ಲಿ ತೆಳು ನೇರಳೆ ಮಿಶ್ರಿತ ಬಿಳಿ ಹೂ ಬಿಡುತ್ತದೆ. ಫೆಬ್ರವರಿಯಿಂದ ಅದರ ಹಗುರ ಬೀಜ ಗಾಳಿಯಲ್ಲಿ ತೇಲಿ ಹೋಗುತ್ತದೆ. ಬೀಜ ಮೊಳೆಯಲು ಬೆಳಕು ಬೇಕು. ಮೊದಲ ಮಳೆಗೆ ಬೋಳಾಗಿರುವ ನೆಲ ಸಿಕ್ಕಿದರೆ ಅದಕ್ಕೆ ಹಬ್ಬ; ಹುಲ್ಲಿನ ಹೊದಿಕೆಯ ಕೆಳಗೆ ಬಿದ್ದರೆ ಹೆಚ್ಚಿನವು ಏಳುವುದೇ ಇಲ್ಲ. ಬುಡದಲ್ಲಿ ನೆಲದೊಳಗೆ ಗಂಟಿನಂಥ ಬೇರಿನ ಮುದ್ದೆ ಇರುತ್ತದೆ. ಕತ್ತಿಯಿಂದ ಎಷ್ಟು ಸವರಿದರೂ ಅಲ್ಲಿಂದ ನಾಲ್ಕಾರು ಹೊಸ ಕಾಂಡ ಏಳುತ್ತವೆ. ‘ವರ್ಷವೂ ಸವರಿಸುತ್ತೇವೆ, ವರ್ಷವೂ ದಟ್ಟವಾಗುತ್ತದೆ’ ಎಂದು ಜನ ಹೇಳುವುದು ಇದೇ ಕಾರಣಕ್ಕೆ.

ಈಗ ನಿಮಗೆ ಬಂದ ಸಲಹೆಗಳನ್ನು ನೋಡೋಣ.

ನಿಮ್ಮ ಅತ್ತೆಯವರು ಬೆಂಕಿಯ ಬಗ್ಗೆ ಹೇಳಿದ್ದು ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ಮುಳಿಹುಲ್ಲಿನ ಜೀವ ನೆಲಮಟ್ಟದ ಬುಡದಲ್ಲಿರುವುದರಿಂದ ಬೆಂಕಿಯ ನಂತರ ಚಿಗುರುತ್ತದೆ. ಆದರೆ ಅಂದು ಕಮ್ಯುನಿಸ್ಟ್ ಗಿಡ ಇಷ್ಟಿರಲಿಲ್ಲ. ಅದರ ಒಣಕಾಂಡ ಜೋರಾಗಿ ಉರಿಯುತ್ತದೆ, ಹುಲ್ಲಿನ ಬೆಂಕಿಗಿಂತ ಹೆಚ್ಚು ಶಾಖ ಕೊಡುತ್ತದೆ. ಹುಲ್ಲಿನ ಬುಡ ಸಾಯುತ್ತದೆ, ಅದರ ಬುಡ ಉಳಿಯುತ್ತದೆ. ಮಾರ್ಚಿನಲ್ಲಿ ನೆಲವನ್ನು ಬೋಳಿಸಿ ಇಟ್ಟರೆ ಅದೇ ಹೊತ್ತಿಗೆ ಅಕ್ಕಪಕ್ಕದ ಗುಡ್ಡೆಗಳಿಂದ ಬೀಜ ಹಾರಿ ಬರುತ್ತಿರುತ್ತದೆ. ಬೂದಿಯೇನೋ ಗೊಬ್ಬರ, ಆದರೆ ಇಳಿಜಾರಿನ ಬೂದಿ ಜೂನಿನ ಮೊದಲ ಮಳೆಗೆ ತೋಡಿಗೆ ಇಳಿಯುತ್ತದೆ. ಈ ಗುಡ್ಡೆಗೆ ಬೆಂಕಿ ಬೇಡ.

ಉಪ್ಪು, ವಿನೆಗರ್ ವೀಡಿಯೊ ಬಗ್ಗೆ ಹೆಚ್ಚು ಮಾತು ಬೇಡ. ಎಲೆ ಸುಡುತ್ತದೆ, ಬೇರು ಉಳಿಯುತ್ತದೆ, ಸುರಿದ ಉಪ್ಪು ಅಲ್ಲಿದ್ದ ಹುಲ್ಲಿಗೇ ಹೆಚ್ಚು ಕೇಡು. ನೆಲ ಉಪ್ಪಾಗಿ ಎಂಥ ಗತಿಯಾಗುತ್ತದೆಂದು ತಿಳಿಯಬೇಕಾದರೆ ಹಿನ್ನೀರು ನುಗ್ಗುವ ಊರಿನ ಗದ್ದೆಯವರನ್ನು ಕೇಳಿ.

ಕಳೆನಾಶಕದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಪಕ್ಕದವರ ಗುಡ್ಡೆ ಹದಿನೈದು ದಿನದಲ್ಲಿ ಕಂದಾಗಿ ‘ಸ್ವಚ್ಛ’ವಾಗಿ ಕಾಣುವುದು ನಿಜ. ಗ್ಲೈಫೋಸೇಟ್ ಹುಲ್ಲು, ಕಳೆ ಎಂದು ಭೇದ ಮಾಡುವುದಿಲ್ಲ, ಎರಡನ್ನೂ ಕೊಲ್ಲುತ್ತದೆ. ಉಳಿಯುವುದು ಬೋಳು ನೆಲ. ಅಂದರೆ ಮುಂದಿನ ಬೀಜಕ್ಕೆ ನಾವೇ ಹಾಸಿಗೆ ಹಾಸಿದಂತೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ, ಪರವಾನಗಿ ಇರುವ ಕೀಟನಿಯಂತ್ರಣ ನಿರ್ವಾಹಕರ ಮೂಲಕವೇ ಇದನ್ನು ಬಳಸಬೇಕೆಂದು ಅಧಿಸೂಚನೆ ಹೊರಡಿಸಿತ್ತು. ಅಗಲ ಎಲೆಯ ಗಿಡಗಳನ್ನಷ್ಟೇ ಕೊಲ್ಲುವ 2,4-ಡಿ ಹುಲ್ಲನ್ನು ಉಳಿಸುತ್ತದೆ, ಆದರೆ ಮೇವಿಗೆ ಬೆಲೆಬಾಳುವ ದ್ವಿದಳ ಸಸ್ಯಗಳನ್ನೂ ಕೊಲ್ಲುತ್ತದೆ. ಅಂಗಡಿಯಲ್ಲಿ ಯಾರೂ ಹೇಳದ ಒಂದು ಅಪಾಯವೂ ಇದೆ: ಇದನ್ನು ಸಿಂಪಡಿಸಿದ ವಿಷಗಿಡಗಳಲ್ಲಿ ಬಾಡುವ ಮೊದಲು ಸಕ್ಕರೆ, ನೈಟ್ರೇಟ್ ಅಂಶ ಏರಬಹುದು. ಅದುವರೆಗೆ ಮೂಸಿಯೂ ನೋಡದ ಗಿಡವನ್ನು ದನ ಆಗ ರುಚಿಯೆಂದು ತಿನ್ನುತ್ತದೆ. ದನಕ್ಕೆ ವಿಷವಾಗುವ ಈ ನೈಟ್ರೇಟ್ ಕಮ್ಯುನಿಸ್ಟ್ ಗಿಡದ ಎಲೆಯಲ್ಲಿ ಮೊದಲೇ ಹೆಚ್ಚು. ಪ್ಯಾರಾಕ್ವಾಟ್ ಅಂತೂ ಮನೆಯೊಳಗೆ ಬರಲೇಬಾರದು, ಅದಕ್ಕೆ ಪ್ರತ್ಯೌಷಧವೇ ಇಲ್ಲ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ನಿಮ್ಮ ಬಾವಿ ಗುಡ್ಡೆಯ ಬುಡದಲ್ಲಿಯೇ ಇದೆಯೇ ಎಂಬುದನ್ನೂ ಯೋಚಿಸಿ. ಕಳೆನಾಶಕ ಬಳಸಲೇಬೇಕಾದ ಸಂದರ್ಭ ಒಂದೇ: ಕಲ್ಲಿನ ಸಂದಿಯಿಂದ ಅಗೆದು ತೆಗೆಯಲಾಗದ ಲಂಟಾನದ ಬುಡ. ತರಬೇತಿ ಇರುವವರು ಅದನ್ನು ಕಡಿದ ಕೂಡಲೇ ಬುಡಕ್ಕಷ್ಟೇ ಬ್ರಷ್‌ನಿಂದ ಹಚ್ಚಬೇಕು, ದನವನ್ನು ಆ ಕಡೆ ಬಿಡಬಾರದು.

ನಿಮ್ಮ ಮಗನ ಸಿಒ-4 ಆಲೋಚನೆ ಒಳ್ಳೆಯದೇ, ಜಾಗ ತಪ್ಪು. ಇದು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ನೇಪಿಯರ್-ಸಜ್ಜೆ ಮಿಶ್ರತಳಿ. ನೀರು ಮತ್ತು ಗೊಬ್ಬರ ಧಾರಾಳ ಸಿಕ್ಕಿದರೆ 40-45 ದಿನಕ್ಕೊಮ್ಮೆ ಕೊಯ್ಲಿಗೆ ಬರುತ್ತದೆ. ಅದನ್ನು ಹಟ್ಟಿ ತೊಳೆದ ನೀರು ಹರಿಯುವಲ್ಲಿ, ತೋಟದ ಅಂಚಿನಲ್ಲಿ ಐದಾರು ಸೆಂಟ್ಸ್‌ನಿಂದ ಆರಂಭಿಸಿ. ಗುಡ್ಡೆಯಲ್ಲಿ ಮೇಲ್ಮಣ್ಣು ಕೆಲವು ಇಂಚು ಮಾತ್ರ ಇರುತ್ತದೆ. ಜೆಸಿಬಿ ಅದನ್ನು ಕೆರೆದು ಹಾಕಿದ ಮೇಲೆ ಹಿಂದೆ ತರುವ ಯಂತ್ರ ಇನ್ನೂ ಬಂದಿಲ್ಲ. ಇನ್ನೊಂದು ಮಾತು: ನೇಪಿಯರ್ ಜಾತಿಯ ಹುಲ್ಲಿನಲ್ಲಿ ಆಕ್ಸಲೇಟ್ ಇರುವುದರಿಂದ ಅದೊಂದನ್ನೇ ಹಾಕಿದರೆ ದನಕ್ಕೆ ಸುಣ್ಣದಂಶ ಕಡಿಮೆ ದಕ್ಕುತ್ತದೆ. ಕರೆಯುವ ದನಕ್ಕೆ ಇದು ಸಣ್ಣ ಮಾತಲ್ಲ. ಬೈಹುಲ್ಲು, ದ್ವಿದಳ ಸೊಪ್ಪು, ಖನಿಜ ಮಿಶ್ರಣ ಜೊತೆಗಿರಲಿ.

ಹಾಗಾದರೆ ಗುಡ್ಡೆಗೆ ಏನು ಮಾಡುವುದು? ಕೆಲಸವನ್ನು ಎಲ್ಲಿ ಆರಂಭಿಸುವುದು ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ಅತ್ಯಂತ ದಟ್ಟವಾದ ಪೊದೆಗೆ ಮೊದಲು ನುಗ್ಗಿ, ನಾಲ್ಕು ಆಳಿನ ಸಂಬಳ ಕೊಟ್ಟು, ಸುಸ್ತಾಗಿ ಕೈಬಿಡುತ್ತಾರೆ. ನೀವು ಹುಲ್ಲು ಇನ್ನೂ ಚೆನ್ನಾಗಿರುವ ಮೂಲೆಯಿಂದ ಆರಂಭಿಸಿ. ಅಲ್ಲಲ್ಲಿ ಬಿಡಿಯಾಗಿ ನಿಂತ ಕಮ್ಯುನಿಸ್ಟ್ ಗಿಡಗಳನ್ನು ಪಿಕ್ಕಾಸಿಯಿಂದ ಬುಡದ ಮುದ್ದೆಸಹಿತ ಎತ್ತಿ. ಅಲ್ಲಿ ಪಕ್ಕದ ಹುಲ್ಲು ತಾನೇ ಹಬ್ಬಿ ಗುಂಡಿಯನ್ನು ಮುಚ್ಚುತ್ತದೆ. ಆ ಮೂಲೆ ಗಟ್ಟಿಯಾದ ಮೇಲೆ ಪೊದೆಯತ್ತ ಒಂದೊಂದೇ ಹೆಜ್ಜೆ ಸರಿಯಿರಿ. ಒಂದು ವರ್ಷದಲ್ಲಿ ಹೊದಿಕೆ ಕೊಡಲು ಆಗುವಷ್ಟನ್ನೇ ತೆರವುಮಾಡಿ. ಉಳಿದ ಪೊದೆಯನ್ನು ಹೂ ಬಿಡುವ ಮೊದಲು, ಅಂದರೆ ನವೆಂಬರಿನೊಳಗೆ ಸವರಿಬಿಡಿ, ಸಾಯದಿದ್ದರೂ ಬೀಜವಾಗುವುದಿಲ್ಲ. ಹೂ ಬಾರದ ಆ ಸೊಪ್ಪು ತೆಂಗಿನ ಬುಡಕ್ಕೆ ಒಳ್ಳೆಯ ಹಸಿರೆಲೆ ಗೊಬ್ಬರ. ಹೂ ಬಂದದ್ದನ್ನು ತೋಟಕ್ಕೆ ತರಬೇಡಿ. ಪೊದೆಗೆ ಇಳಿಯುವವರು ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಲಿ, ಸಂಜೆ ಉಣ್ಣಿ ಹತ್ತಿದೆಯೇ ಎಂದು ನೋಡಿಕೊಳ್ಳಲಿ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗದ್ದೆ ಕೆಲಸ ಸ್ವಲ್ಪ ಬಿಡುವಾದಾಗ ಗುಡ್ಡೆಗೆ ಮತ್ತೊಮ್ಮೆ ಹೋಗಿ. ಆಗ ಮಣ್ಣು ಬೆಣ್ಣೆಯಂತಿರುತ್ತದೆ, ಜೂನಿನಲ್ಲಿ ಮೊಳೆತ ಗೇಣುದ್ದದ ಸಸಿ ಎರಡು ಬೆರಳಿಗೆ ಬರುತ್ತದೆ. ಗುರುತು ಸುಲಭ: ಎದುರುಬದುರು ಎಲೆಗಳು, ಎಲೆಯ ಬುಡದಿಂದ ಹೊರಡುವ ಮೂರು ನರಗಳು, ಹೊಸಕಿದರೆ ಘಾಟು ವಾಸನೆ. ಆಟಿಯ ಒಂದು ಮಧ್ಯಾಹ್ನದ ಕೆಲಸಕ್ಕೆ ಫಾಲ್ಗುಣದಲ್ಲಿ ಹತ್ತು ಆಳು ಬೇಕಾಗುತ್ತದೆ. ಜೊತೆಗೆ ಎದ್ದಿರುವ ಚಗಟೆಯ, ತುಳುವಿನಲ್ಲಿ ತಜಂಕಿನ, ಕುಡಿಯನ್ನು ಅಡುಗೆಮನೆಗೆ ಕೊಡಿ. ದನ ತಿನ್ನದಿದ್ದರೂ ನಾವು ತಿನ್ನುತ್ತೇವೆ. ಕೋಡು ಬಲಿಯಲು ಬಿಟ್ಟರೆ ಮಾತ್ರ ಮುಂದಿನ ವರ್ಷ ಗುಡ್ಡೆ ಅದರದೇ.

ತೆರವಾದ ಜಾಗಕ್ಕೆ ಪತ್ತನಾಜೆಯ, ಅಂದರೆ ಮೇ ಕೊನೆಯ ವಾರದ, ಆಸುಪಾಸಿನಲ್ಲಿ ಸ್ಟೈಲೋ ಬೀಜ ಚೆಲ್ಲಿ. ಹುಳಿಮಣ್ಣು, ರಂಜಕದ ಕೊರತೆ ಎರಡನ್ನೂ ತಾಳಿಕೊಳ್ಳುವ ದ್ವಿದಳ ಮೇವು ಇದು. ಬೀಜದ ಸಿಪ್ಪೆ ಗಟ್ಟಿ, ಹಾಗೆಯೇ ಚೆಲ್ಲಿದರೆ ಬಹಳಷ್ಟು ಮೊಳೆಯುವುದಿಲ್ಲ. ಸುಮಾರು 80 ಡಿಗ್ರಿಯ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ತೆಗೆದು, ರಾತ್ರಿ ತಣ್ಣೀರಿನಲ್ಲಿ ನೆನೆಸಿ ಹಾಕಬೇಕು. ಜೊತೆಗೆ ಗುಡ್ಡೆಯದೇ ಒಳ್ಳೆಯ ಹುಲ್ಲಿನ ಬುಡಗಳನ್ನು ಸೀಳಿ ಮಳೆಯಲ್ಲಿ ನೆಡಿ. ನಿಮ್ಮ ಮಣ್ಣಿಗೆ ಒಗ್ಗಿದ ಜಾತಿ ಯಾವುದೆಂದು ಅದು ಈಗಾಗಲೇ ತೋರಿಸಿಕೊಟ್ಟಿದೆ.

ಒಂದೇ ಜಾತಿಯ ಹುಲ್ಲು ಹಾಕಿದರೆ ಸಾಲದೇ ಎಂದು ಕೇಳಬಹುದು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾದ ಹುಲ್ಲುಗಾವಲಿನ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅಲ್ಲಿ ಗೊಬ್ಬರ ಕಾಣದ ತಾಕುಗಳಲ್ಲಿ ಸುಮಾರು 40 ಜಾತಿಯ ಗಿಡಗಳಿವೆ. ವರ್ಷವೂ ಅಮೋನಿಯಂ ಗೊಬ್ಬರ ಸುರಿದು ಸುಣ್ಣ ಕೊಡದ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಎರಡು ಮೂರು ಜಾತಿಗಳಷ್ಟೇ ಉಳಿದವು. ಗೊಬ್ಬರದಿಂದ ಹುಲ್ಲಿನ ರಾಶಿ ಹೆಚ್ಚಿದ್ದೂ ಹೌದು. ಆದರೆ ನಮ್ಮ ಮಣ್ಣು ಮೊದಲೇ ಹುಳಿ, ಗುಡ್ಡೆಗೆ ಯೂರಿಯಾ ಎರಚುವ ಆಸೆ ಬೇಡ. ಜಾತಿ ಹೆಚ್ಚಿದ್ದರೆ ಕಳೆ ಬರುವುದೇ ಇಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕಳೆಯನ್ನು ತಡೆಯುವುದು ನೆಲದ ಹೊದಿಕೆ. ಹಲವು ಜಾತಿಗಳಿದ್ದರೆ ಒಂದಲ್ಲ ಒಂದು ಪ್ರತಿ ತಿಂಗಳೂ ಆ ಹೊದಿಕೆಯನ್ನು ಹಿಡಿದಿರುತ್ತದೆ: ಜೂನಿನಲ್ಲಿ ಬೇಗ ಏಳುವ ಹುಲ್ಲು, ಅಕ್ಟೋಬರಿನ ನಂತರವೂ ಹಸಿರಾಗಿರುವ ಸ್ಟೈಲೋ, ದನದ ಕಾಲಡಿಯಲ್ಲೂ ಸಾಯದೆ ನೆಲಕ್ಕಂಟಿ ಹಬ್ಬುವ ಮೂರೆಲೆಯ ಪುಟ್ಟ ನೇರಳೆ ಹೂವಿನ ಗಿಡ. ಈ ಮೂರೆಲೆಯದನ್ನು ಕಳೆ ಎಂದು ಕೀಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ; ಸಾರಜನಕವನ್ನು ಪುಕ್ಕಟೆ ಕೊಡುವ ದ್ವಿದಳ ಸಸ್ಯ ಅದು. ಮುರಕಲ್ಲಿನ ಹಾಸು ಕಾಣುವ ಕಡೆ, ಮಳೆಗಾಲದಲ್ಲಿ ಸಣ್ಣ ಸಣ್ಣ ಹೂ ಅರಳುವ ಜಾಗವಿದ್ದರೆ ಅಲ್ಲಿ ಏನನ್ನೂ ಬಿತ್ತದೆ ಹಾಗೆಯೇ ಬಿಡಿ.

ನಾಚಿಕೆಮುಳ್ಳಿನ ಬಗ್ಗೆ ಅಷ್ಟು ಹೆದರಬೇಡಿ. ಹುಲ್ಲನ್ನು ಬುಡಮಟ್ಟ ಮೇಯಿಸಿದ ನೆಲದಲ್ಲಿ ಅದು ರಾಜ. ಹುಲ್ಲು ಗೇಣೆತ್ತರ ನಿಂತರೆ ಬೆಳಕು ಸಿಗದೆ ತೆಳುವಾಗುತ್ತದೆ. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುವುದರಿಂದ ನಿರ್ಮೂಲ ಮಾಡುವ ಹಟ ಬೇಡ. ಆದರೆ ಅದರ ಜಾತಿಯದೇ ಇನ್ನೊಂದು ಇದೆ: ಕಾಂಡ ಚೌಕಾಕಾರ, ಹಿಂದಕ್ಕೆ ಬಾಗಿದ ಮುಳ್ಳು, ಆಳೆತ್ತರದ ಪೊದೆಯ ಮೇಲೂ ಹತ್ತಿ ಮುಸುಕುತ್ತದೆ. ಅದು ದನಕ್ಕೆ ವಿಷ. ಕಂಡ ದಿನವೇ ಕೀಳಿ.

ಮೇಯಿಸುವ ಕ್ರಮ ಬದಲಾಗದಿದ್ದರೆ ಇದೆಲ್ಲ ನೀರಿನಲ್ಲಿ ಹೋಮ. ಗುಡ್ಡೆಯನ್ನು ಗೊಬ್ಬರದ ಗಿಡದ, ಅಂದರೆ ಗ್ಲಿರಿಸೀಡಿಯಾದ, ಬೇಲಿಯಿಂದ ನಾಲ್ಕು ಪಾಲು ಮಾಡಿ. ಮೊದಲ ಮಳೆ ಬಿದ್ದು ಐದಾರು ವಾರ ಎಲ್ಲಿಗೂ ದನ ಬಿಡಬೇಡಿ. ಜನರಿಗೆ ಅತಿ ಕಷ್ಟವಾಗುವುದು ಇದೊಂದೇ, ಅತಿ ಫಲ ಕೊಡುವುದೂ ಇದೇ. ಆಮೇಲೆ ಹುಲ್ಲು ಗೇಣೆತ್ತರವಾದ ಪಾಲಿಗೆ ಬಿಡಿ, ನಾಲ್ಕು ಬೆರಳಿಗೆ ಇಳಿದಾಗ ಹೊರಗೆ ತೆಗೆಯಿರಿ. ಹೆಚ್ಚುಕಡಿಮೆ ವಾರ ಮೇವು, ಎರಡು ಮೂರು ವಾರ ವಿಶ್ರಾಂತಿ. ವರ್ಷಕ್ಕೊಂದು ಪಾಲನ್ನು ಸರದಿಯಂತೆ ದೀಪಾವಳಿ ಕಳೆಯುವವರೆಗೆ ಮುಟ್ಟದೆ ಬೀಜ ಉದುರಲು ಬಿಟ್ಟು, ನಂತರ ಕರಡ ಕೊಯ್ದುಕೊಳ್ಳಿ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಬೇಸರ ಬೇಡ. ನಿಮ್ಮ ಎರಡು ಮಿಶ್ರತಳಿಗೆ ದಿನಕ್ಕೆ ಸುಮಾರು 20 ಕಿಲೋ, ಎರಡು ಊರ ದನಕ್ಕೆ ಆರು ಕಿಲೋ ಒಣ ಲೆಕ್ಕದ ಮೇವು ಬೇಕು. ಐದು ತಿಂಗಳಿಗೆ ಇದು ನಾಲ್ಕು ಟನ್ನಿನ ಹತ್ತಿರ ಬರುತ್ತದೆ. ಅರ್ಧ ಹುಲ್ಲನ್ನು ನೆಲದಲ್ಲೇ ಉಳಿಸಿ ಇಷ್ಟು ಕೊಡುವ ಶಕ್ತಿ ಎರಡೂವರೆ ಎಕರೆ ಮುರಕಲ್ಲಿನ ಗುಡ್ಡೆಗೆ ಇಲ್ಲ. ಮಲೆನಾಡು ಗಿಡ್ಡದಂಥ ಊರ ದನಗಳನ್ನು ಅಲ್ಲಿ ಮೇಯಿಸಿ, ಮಿಶ್ರತಳಿಯನ್ನು ಹಟ್ಟಿಯಲ್ಲಿ ಸಿಒ-4, ಬೈಹುಲ್ಲು, ಹಿಂಡಿಯಲ್ಲಿ ಸಾಕಿ, ತಿರುಗಾಡಲು ಮಾತ್ರ ಹೊರಗೆ ಬಿಡಿ. ದುಡಿಯುವ ಕೈ ಕಡಿಮೆಯಿದ್ದರೆ ಮೇಲಿನ ಅರ್ಧ ಎಕರೆಯ ಆಸೆಯನ್ನೇ ಬಿಟ್ಟು ಅದನ್ನು ಹಾಡಿಯಾಗಲು ಬಿಡುವುದೂ ಒಂದು ದಾರಿ. ಮರ ಬೆಳೆದು ನೆರಳು ದಟ್ಟವಾದರೆ ಕಮ್ಯುನಿಸ್ಟ್ ಗಿಡ ಸೊರಗುತ್ತದೆ, ವರ್ಷಗಳು ಹಿಡಿಯುತ್ತವೆ ಅಷ್ಟೆ.

ಈಗ ಅಕ್ಟೋಬರ್, ಮಣ್ಣಿನಲ್ಲಿ ಇನ್ನೂ ತೇವವಿದೆ, ಪಿಕ್ಕಾಸಿ ಇಳಿಯುತ್ತದೆ. ಅಗೆಯುವ ಕೆಲಸ ಇದೇ ತಿಂಗಳು ಆರಂಭವಾಗಲಿ. ಗುಡ್ಡೆಯ ನಾಲ್ಕಾರು ಕಡೆಯ ಮಣ್ಣು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡಿ. ಎಷ್ಟು ಸುಣ್ಣ, ಎಷ್ಟು ಶಿಲಾರಂಜಕ ಬೇಕೆಂಬುದನ್ನು ಆ ವರದಿ ನೋಡಿಯೇ ನಿರ್ಧರಿಸಿ, ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲೇ ಹಾಕಿ. ಸ್ಟೈಲೋ ಬೀಜ ಮೇ ತಿಂಗಳಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ, ಸಂಕ್ರಾಂತಿಯ ಹೊತ್ತಿಗೇ ಹೇಳಿಟ್ಟಿರಿ.